ಬಿದ್ದ ಮನೆಗೆ 5 ಲಕ್ಷ, ಕಟ್ಟುವ ಮನೆಗೆ 1.20!

ಗದಗದಿಂದ ನರಗುಂದಕ್ಕೋ ಹೊಳೆಆಲೂರಿಗೋ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಈ ನೋಟ ಹೊಸದಲ್ಲ. ಒಂದು ಹಳೇ ಮಣ್ಣಿನ ಮನೆ. ಅದರ ಮಗ್ಗುಲಲ್ಲೇ ಕಿಟಕಿ ಮಟ್ಟಕ್ಕೆ ಬಂದು ನಿಂತುಬಿಟ್ಟ ಹೊಸ ಗೋಡೆ. ಮೇಲೆ ತುಕ್ಕು ಹಿಡಿದ ಸರಳು, ಒಳಗೆ ಜಾಲಿ ಗಿಡ. ಸರ್ಕಾರದ ಲೆಕ್ಕದಲ್ಲಿ ಇದು 'ಪ್ರಗತಿಯಲ್ಲಿರುವ ಮನೆ'. ಮಳೆ ಹಿಡಿದ ರಾತ್ರಿ ಮುದುಕರು, ಮಕ್ಕಳು ಮಲಗುವುದು ಮಾತ್ರ ಹಳೇ ಗೋಡೆಯ ಬುಡದಲ್ಲೇ.

ಬಂದ ದುಡ್ಡು ಏನಾಯಿತು ಎಂದು ಕೇಳಿದರೆ ಊರೂರಲ್ಲೂ ಉತ್ತರ ಒಂದೇ: 'ಮಣ್ಣಾಗ ಹೋತ್ರೀ!'

ಎರೆ ನುಂಗುವ ಹಣ

ಇದು ಹಾರಿಕೆ ಉತ್ತರವಲ್ಲ, ಅಕ್ಷರಶಃ ನಿಜ. ನರಗುಂದ, ರೋಣದ ಸೀಮೆ ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಹತ್ತಿ, ಜೋಳ, ಕಡಲೆಗೆ ಬಂಗಾರವಾದ ಮಣ್ಣು ಮನೆಗೆ ಮಾತ್ರ ವೈರಿ. ಮೇಲಿಂದ ಮೇಲೆ ತೋಡಿ ಕಟ್ಟಿದರೆ ಗೋಡೆ ಸೀಳುವುದು ಖಾತ್ರಿ. ಎರೆ ದಾಟಿ ಗಟ್ಟಿ ನೆಲ ಸಿಗುವ ತನಕ ತೋಡಬೇಕು, ಗರಸು ತುಂಬಬೇಕು, ತಳಪಾಯದ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಬೇಕು. ಅಷ್ಟರಲ್ಲೇ ರೈತನ ಜೇಬು ಬರಿದು.

ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಶುರುವಾದದ್ದು 2016ರಲ್ಲಿ. ಬಯಲು ನಾಡಿಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ಎಂದು ಆಗ ಗೊತ್ತುಮಾಡಿದರು. ಅಡುಗೆ ಜಾಗವೂ ಸೇರಿ 25 ಚದರ ಮೀಟರ್ ಮನೆ ಆಗಬೇಕು. 2024ರಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಸಿಕ್ಕಿತು. ದರ ಮಾತ್ರ ಹಳೆಯದೇ. ಈ ನಡುವೆ ಸಿಮೆಂಟು, ಸರಳು ಎಷ್ಟಕ್ಕೇರಿದೆ ಎಂಬುದನ್ನು ಅಂಗಡಿಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗುಡ್ಡದ ಕಷ್ಟ ದಿಲ್ಲಿಗೆ ಕಂಡಿದೆ, ಎರೆಯ ಕಷ್ಟ ಕಂಡಿಲ್ಲ!

ಕಟ್ಟಿದಂತೆ ದುಡ್ಡು

ಇನ್ನು ಹಣ ಬರುವ ರೀತಿ. ನಿಯಮದ ಪ್ರಕಾರ ಮೊದಲ ಕಂತು ಮಂಜೂರಾತಿಯ ಬೆನ್ನಿಗೇ ಬರಬೇಕು. ಉಳಿದದ್ದಕ್ಕೆ ಹಂತ ಹಂತವಾಗಿ ಕೆಲಸ ಆಗಬೇಕು, ಫೋಟೊ ಏರಬೇಕು, ಆಮೇಲೆ ಕಂತು. ಕೈಯಲ್ಲಿ ಕಾಸಿದ್ದವನಿಗೆ ಇದು ಸರಿ. ಇಲ್ಲದವನು ಅಂಗಡಿಯಲ್ಲಿ ಉದ್ರಿ ಹೇಳುತ್ತಾನೆ, ಇಲ್ಲವೇ ಬಡ್ಡಿಗೆ ತರುತ್ತಾನೆ. ಕಂತು ತಡವಾದರೆ, ಆ ವರ್ಷ ಬೆಳೆ ಕೈಕೊಟ್ಟರೆ, ಅಂಗಡಿಕಾರನ ಬಾಕಿಯೂ ನಿಂತಿತು, ಮನೆಯೂ ನಿಂತಿತು. ಉತಾರ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಕಥೆ ಅಲ್ಲಿಗೂ ಬರುವುದಿಲ್ಲ, ಅರ್ಜಿಯಲ್ಲೇ ಮುಗಿಯಿತು.

ಈಗ ಇನ್ನೊಂದು ಲೆಕ್ಕ ನೋಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿಗೆ ನೀರು ನುಗ್ಗಿದಾಗ, ಪೂರಾ ಬಿದ್ದ ಮನೆಗೆ 5 ಲಕ್ಷ ಎಂದು ರಾಜ್ಯ ಸರ್ಕಾರ ಘೋಷಿಸಿತು. ಒಳ್ಳೆಯದೇ. 5 ಲಕ್ಷ ಇಲ್ಲದೆ ಗಟ್ಟಿ ಮನೆ ಏಳುವುದಿಲ್ಲ ಎಂದು ಸರ್ಕಾರವೇ ಒಪ್ಪಿದಂತಾಯಿತು. ವಿಕೋಪದಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ ಎಂಬುದು ಕೇಂದ್ರದ 2022ರ ಮಾನದಂಡ. ಅಂದರೆ ಬದುಕಿರುವಾಗ ಕಟ್ಟಿಕೊಳ್ಳಲು ಸಿಗುವುದಕ್ಕಿಂತ ಗೋಡೆ ಮೈಮೇಲೆ ಬಿದ್ದ ಮೇಲೆ ಸಿಗುವುದೇ ಹೆಚ್ಚು! ಇದೆಂಥ ನ್ಯಾಯ?

ಎಲ್ಲರಿಗೂ 5 ಲಕ್ಷ ಎಲ್ಲಿಂದ ತರೋಣ ಎಂದು ಅಧಿಕಾರಿಗಳು ಕೇಳಬಹುದು. ಎಲ್ಲರಿಗೂ ಬೇಡ. ಗುಡ್ಡಗಾಡಿಗೆ ಕೊಟ್ಟಂತೆ ಎರೆಭೂಮಿಗೂ ತಳಪಾಯಕ್ಕೆಂದು ಬೇರೆ ದರ ಇರಲಿ. ನಿಯಮದಂತೆ ಮೊದಲ ಕಂತು ಕೆಲಸ ಶುರುವಾಗುವ ಮುಂಚೆಯೇ ತಪ್ಪದೆ ಕೈಗೆ ಬರಲಿ. ಮನೆ ಒಮ್ಮೆ ನಿಂತರೆ ಮತ್ತೆ ಪರಿಹಾರದ ಖರ್ಚಿಲ್ಲ.

ಅಲ್ಲಿಯವರೆಗೆ?

ಹೊಸ ಮನೆ ಆಗುವ ತನಕ ಹಳೆಯದರಲ್ಲೇ ಬಾಳಬೇಕಲ್ಲ. ಮೇಲ್ಮುದ್ದೆ ಸೋರದಿರಲೆಂದು ವರ್ಷ ವರ್ಷ ಮಣ್ಣು ಏರಿಸುತ್ತಾರೆ. ಭಾರ ಬೆಳೆಯುತ್ತದೆ, ಕೆಳಗೆ ತೊಲೆ ಲಡ್ಡಾಗುತ್ತದೆ. ಹಳೇ ಮಣ್ಣು ಇಳಿಸಿ ಹೊಸದು ಹಾಕಬೇಕು. ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ವಾರಗಟ್ಟಲೆ ನೆನೆದ ಗೋಡೆಯನ್ನು ಮಳೆ ನಿಂತ ಮೇಲೂ ನಂಬಬಾರದು. ಅದರ ಪಕ್ಕ ಹಾಸಿಗೆ ಹಾಸಬಾರದು.

ಗೋಡೆ ಬಿದ್ದ ಮರುದಿನ ಪಂಚನಾಮೆಗೆ ಜೀಪು ತಪ್ಪದೆ ಬರುತ್ತದೆ. ಅದೇ ಜೀಪು ರೋಹಿಣಿ ಮಳೆಗೆ ಮುಂಚೆ ಬಂದು, ಯಾವ ಮನೆ ಬೀಳುವಂತಿದೆ ಎಂದು ಪಟ್ಟಿ ಮಾಡಿದರೆ ಡೀಸೆಲ್ಲು ಹೆಚ್ಚೇನೂ ಸುಡದು. ಸಂಬಂಧಪಟ್ಟವರು ಮನಸ್ಸು ಮಾಡುವರೇ?