ಪತ್ತನಾಜೆಯಿಂದ ಶಾಲೆಯ ಬಾಗಿಲವರೆಗೆ

ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ನಿಲ್ಲುತ್ತವೆ. ಕೃಷಿಕನು ಮಳೆಯ ದಾರಿ ನೋಡತೊಡಗುತ್ತಾನೆ. ಮೇ 24, 25ರ ಸುಮಾರಿಗೆ ಬರುವ ಈ ದಿನಕ್ಕೂ ಜೂನ್ ಆರಂಭದಲ್ಲಿ ಕೇರಳದ ಶಾಲೆಗಳು ತೆರೆಯುವುದಕ್ಕೂ ನಡುವೆ ಒಂದು ವಾರದಷ್ಟು ಅವಧಿ ಇರುತ್ತದೆ. ಕಾಸರಗೋಡಿನ ನಮ್ಮ ಮನೆಗಳಲ್ಲಿ ಆ ವಾರವೆಲ್ಲ ಕೊಡೆ, ಚೀಲ, ಸಮವಸ್ತ್ರಗಳ ಖರೀದಿಗೇ ಸಲ್ಲುತ್ತದೆ. ಮಗುವನ್ನು ಅಣಿಗೊಳಿಸುವ ಯೋಚನೆ ಮಾತ್ರ ಹಿಂದೆ ಬೀಳುತ್ತದೆ.

ಏಪ್ರಿಲ್, ಮೇ ಎರಡು ತಿಂಗಳು ಪುತ್ತೂರಿನದೋ ಸುಳ್ಯದದೋ ಅಜ್ಜಿಮನೆಯಲ್ಲಿ ಕಳೆದ ಹುಡುಗನು ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗ್ಗೆ ಎಂಟೂವರೆಗೆ ಏಳುವ ಅಭ್ಯಾಸ ಹೊತ್ತುಕೊಂಡೇ ಮರಳುತ್ತಾನೆ. ಅವನನ್ನು ಒಂದೇ ದಿನದಲ್ಲಿ ಆರೂವರೆಗೆ ಎಬ್ಬಿಸಿದರೆ ಏಳುವುದು ದೇಹ ಮಾತ್ರ. ತರಗತಿಯಲ್ಲಿ ಅವನು ತೂಕಡಿಸುತ್ತಾನೆ. ಇದು ಸೋಮಾರಿತನವಲ್ಲ. ನಿದ್ರೆಯ ಹೊತ್ತು ಮೆಲ್ಲಮೆಲ್ಲನೆ ಸರಿಯತಕ್ಕದ್ದು. ದಿನಕ್ಕೆ ಕಾಲು ಗಂಟೆ ಮುಂಚಿತವಾಗಿ ಎಬ್ಬಿಸಿ, ಎದ್ದೊಡನೆ ಅಂಗಳದ ಬೆಳಕಿಗೆ ಕರೆತನ್ನಿ. ಎರಡು ಗಂಟೆಯ ಅಂತರ ತುಂಬಲು ಎಂಟು ದಿನ ಬೇಕು. ಆದುದರಿಂದಲೇ ಪತ್ತನಾಜೆಯಂದೇ ತೊಡಗುವುದು ಲೇಸು. ಗಡಿಯಾಚೆಯ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆಗೇ ತೆರೆಯುವುದರಿಂದ ಅಜ್ಜಿಮನೆಯಲ್ಲಿ ಆಟಕ್ಕೆ ಜೊತೆಯೂ ಉಳಿದಿರುವುದಿಲ್ಲ, ಮರಳಲು ಅದೇ ಸಮಯ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಅಗತ್ಯ. ಹಾಗಾದರೆ ಒಂಬತ್ತಕ್ಕೆ ಮಗು ಹಾಸಿಗೆಯಲ್ಲಿರಬೇಕು. ಒಂಬತ್ತೂವರೆಗೆ ಊಟಕ್ಕೆ ಕುಳಿತುಕೊಳ್ಳುವ ಮನೆಯಲ್ಲಿ ಇದು ಹೇಗೆ ಸಾಧ್ಯ? ಮೊದಲು ಬದಲಾಗಬೇಕಾದುದು ಹಿರಿಯರ ಊಟದ ಹೊತ್ತು. ಮೊಬೈಲಿಗೂ ಅದಕ್ಕಿಂತ ಒಂದು ಗಂಟೆ ಮೊದಲೇ ವಿಶ್ರಾಂತಿ ಕೊಡಿ, ನಿಮ್ಮದಕ್ಕೂ.

ಎರಡು ತಿಂಗಳು ಪೆನ್ಸಿಲು ಹಿಡಿಯದ ಕೈಗೆ ಒತ್ತಕ್ಷರ ತೊಡಕಾಗುವುದು ಸಹಜ. ಅದಕ್ಕಾಗಿ ಹತ್ತು ಪುಟ ಕಾಪಿ ಬರೆಸುವುದು ಬೇಡ. ಅಂಗಡಿಯ ಸಾಮಾನಿನ ಪಟ್ಟಿಯನ್ನು ಮಗುವೇ ಬರೆಯಲಿ. ಸುಖವಾಗಿ ತಲಪಿದ ಸುದ್ದಿಯನ್ನು ಅಜ್ಜಿಗೆ ಕನ್ನಡದಲ್ಲಿ ಒಂದು ಕಾಗದವಾಗಿ ಬರೆಯಲಿ. ಅಜ್ಜಿಯ ಉತ್ತರ ಬಂದರೆ ಓದುವ ಅಭ್ಯಾಸವೂ ಆಯಿತು.

ನಾಲ್ಕನೆಯ ತರಗತಿಗೆ ಎಲ್.ಪಿ. ಶಾಲೆ ಮುಗಿಸಿ ಬೇರೆ ಶಾಲೆ ಸೇರುವ ಮಕ್ಕಳ ಸಂಕಟ ಬೇರೆಯೇ. ಹೊಸ ದಾರಿ, ಹೊಸ ಬಸ್ಸು, ದೊಡ್ಡ ಹುಡುಗರು. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗುವಿಗೆ ಪಾಠದ ಅಂಜಿಕೆಗಿಂತ, ಬಸ್ಸಿನಲ್ಲಿ ಮಲಯಾಳದಲ್ಲಿ ಕೇಳಿದರೆ ಏನು ಹೇಳಲಿ ಎಂಬ ಅಂಜಿಕೆ ಹೆಚ್ಚು. ಶಾಲೆ ತೆರೆಯುವ ಮೊದಲು ಒಮ್ಮೆ ಆ ದಾರಿಯಲ್ಲಿ ಜೊತೆಗೆ ಹೋಗಿ ಬನ್ನಿ. ಬಸ್ಸಿನ ಹಲಗೆಯಲ್ಲಿ ಮಲಯಾಳದಲ್ಲಿ ಬರೆದ ನಮ್ಮೂರಿನ ಹೆಸರನ್ನು ಗುರುತಿಸಲು ಕಲಿಸಿ. ಇದರಿಂದ ಕನ್ನಡಕ್ಕೆ ಕುಂದು ಬರುವುದಿಲ್ಲ; ಮಗು ತಪ್ಪು ಬಸ್ಸು ಹತ್ತುವುದೂ ಇಲ್ಲ.

"ಶಾಲೆ ತೆರೆಯಲಿ, ಮಾಷ್ಟ್ರು ಬುದ್ಧಿ ಕಲಿಸುತ್ತಾರೆ" ಎಂದು ರಜೆಯುದ್ದಕ್ಕೂ ಹೆದರಿಸಿದವರು, ಮೊದಲ ದಿನ ಮಗು ಹೊಟ್ಟೆನೋವೆಂದು ಅತ್ತರೆ ಅಚ್ಚರಿಪಡಬಾರದು. ಬೆಳಗ್ಗೆ ಬಂದು, ಬಸ್ಸು ಹೋದೊಡನೆ ಇಳಿಯುವ ನೋವು ಹೆಚ್ಚಾಗಿ ಅಂಜಿಕೆಯದು. ಆದರೂ ಮಗುವಿನ ಪಾಲಿಗೆ ಅದು ನಿಜವಾದ ನೋವೇ. ಸುಳ್ಳೆಂದು ಗದರಿಸದೆ, ಶಾಲೆಯಲ್ಲಿ ಯಾರ ಪಕ್ಕ ಕುಳಿತುಕೊಳ್ಳುತ್ತಿ ಎಂದು ಕೇಳಿ ನೋಡಿ, ಕಾರಣ ಹೊರಬೀಳಬಹುದು. ಜ್ವರವಿದ್ದರೆ, ನೋವು ವಾರ ಕಳೆದರೂ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು.

ಶಾಲೆಯ ಆರಂಭವೂ ಮಳೆಯ ಆರಂಭವೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. ಸಂಜೆ ನೆನೆದು ಬಂದ ಮಗುವಿಗೆ ಮೊದಲು ಒಣ ಬಟ್ಟೆ, ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಎರಡು ದೊರೆಯಲಿ. ಇಂದು ಏನು ಪಾಠವಾಯಿತೆಂಬ ಪ್ರಶ್ನೆ ಆಮೇಲೆ ಬಂದರೆ ಸಾಕು.