ತಪ್ಪಿದ ಜಾಡು

ನಮ್ಮ ಮನೆತನದ ವಂಶಾವಳಿ ಮುತ್ತಜ್ಜನಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಅವನ ತಂದೆ 1876–78ರ ಬರದಲ್ಲಿ ಮಗನನ್ನು ತಮ್ಮನ ಮನೆಯಲ್ಲಿ ಬಿಟ್ಟು ಓಡಿಹೋದನೆಂದಷ್ಟೇ ಹಿರಿಯರು ಹೇಳುತ್ತಿದ್ದರು. ಹೆಸರನ್ನು ಮಾತ್ರ ನಾಲಗೆಯ ಮೇಲೆ ತರುತ್ತಿರಲಿಲ್ಲ. ನಾನು ವಿಜಯಪುರ ಜಿಲ್ಲೆಯ ಹಳೆಯ ದಫ್ತರಗಳಿಗಾಗಿ ಅಲೆದೆ. ಆ ಕಾಲಕ್ಕೆ ಅದು ಕಲಾದಗಿ ಜಿಲ್ಲೆಯಾಗಿತ್ತೆಂದು ತಿಳಿಯುವುದಕ್ಕೇ ಒಂದು ವರ್ಷ ಹಿಡಿಯಿತು. ತಿಳಿದ ಮೇಲೆ ಕೈಗೆ ಬಂದ ಕಾಗದಗಳೋ ಮೋಡಿ ಲಿಪಿಯವು! ಬಲ್ಲವರಿಂದ ಓದಿಸಿದರೂ ಅವನ ಸುಳಿವಿಲ್ಲ.

ಕಡೆಗೆ ದಾರಿ ತೋರಿದವನು ಒಬ್ಬ ಹೆಳವ. ಎತ್ತನ್ನೇರಿ ಊರೂರು ತಿರುಗಿ ಒಕ್ಕಲು ಮನೆತನಗಳ ಪೀಳಿಗೆಯನ್ನು ಒಪ್ಪಿಸುತ್ತಿದ್ದವರ ಕುಲದವನು. ನಮ್ಮ ಮನೆಯ ಹೆಳವನಲ್ಲ. ಮುತ್ತಜ್ಜನ ತಾಯಿಯ ತವರಿನವನು. ಆ ತವರಿನ ಊರು ನನ್ನ ಸೋದರತ್ತೆಯೊಬ್ಬಳಿಗೆ ಮಾತ್ರ ನೆನಪಿತ್ತು. ಹೆಳವನ ಹೊತ್ತಗೆಯಲ್ಲಿ ನಮ್ಮ ಹಿರಿಯನು ಮನೆಯಳಿಯನಾಗಿ ನೆಲೆಸಿದ್ದಾನೆ. ಊರಿನಲ್ಲಿದ್ದ ಅವನ ಪಾಲಿನ ಹೊಲ ತಮ್ಮನ ಹೆಸರಿಗೆ ಸೇರಿದುದನ್ನು ನೆನೆದಾಗ ಹಿರಿಯರ ಮೌನದ ಅರ್ಥವೂ ಹೊಳೆಯಿತು.

ಗಂಡಸಿನ ಜಾಡು ತಪ್ಪಿದೆಡೆಯಲ್ಲಿ ಹೆಣ್ಣಿನ ತವರನ್ನು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಸೊಸೆಯರ ಊರನ್ನು ಬರೆದಿಟ್ಟವರಾರು? ನನ್ನ ತಾಯಿಯ ಅಜ್ಜಿಯ ತವರು ಯಾವುದೆಂದು ಕೇಳಿದರೆ ನಾನೂ ಹೇಳಲಾರೆ.