ಬಿಸಿಲಿನ ಮಾತ್ರೆಯೂ ಉಬ್ಬಸದ ಪಂಪೂ

ಈ ಸಲ ನಮ್ಮ ಹಳೆಯ ಬರಹವೊಂದನ್ನು ನಾವೇ ತಿದ್ದಬೇಕಾಗಿ ಬಂದಿದೆ.

ದೀಪಾವಳಿ ಕೂಟದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ತಾಯಿ ನಮ್ಮನ್ನು ತಡೆದರು. “ಡಾಕ್ಟ್ರೇ, ನೀವು ಬರೆದಿದ್ದು ನಮ್ಮನೆ ಫ್ರಿಜ್ಜಿನ ಮೇಲೆ ಇನ್ನೂ ಅಂಟಿಸಿಟ್ಟಿದೀನಿ. ಮಗನಿಗೆ ವಿಟಮಿನ್ ಡಿ ತಪ್ಪದೆ ಕೊಡ್ತಿದೀನಿ. ಕಂದು ಪಂಪು ಬಿಡಿಸಿ ಮೂರು ವಾರ ಆಯ್ತು,” ಎಂದರು. (ನಾವು ರಸಾಯನಶಾಸ್ತ್ರದ ಡಾಕ್ಟರು, ನಾಡಿ ಹಿಡಿಯುವವರಲ್ಲ ಎಂದು ಎಷ್ಟು ಹೇಳಿದರೂ ಕೂಟದಲ್ಲಿ ಯಾರೂ ಕೇಳುವುದಿಲ್ಲ.) ರಾತ್ರಿ ಹುಡುಗ ಹೇಗಿರುತ್ತಾನೆ ಎಂದು ವಿಚಾರಿಸಿದೆವು. “ಸ್ವಲ್ಪ ಕೆಮ್ಮು. ನಿನ್ನೆ ರಾತ್ರಿ ನೀಲಿ ಪಂಪು ನಾಲ್ಕು ಸಲ ಬೇಕಾಯ್ತು.”

ಊಟ ಅಲ್ಲಿಗೇ ಬಿಟ್ಟು 111ಕ್ಕೆ ಫೋನು ಮಾಡಿಸಿದೆವು. ಹುಡುಗ ಈಗ ಸೌಖ್ಯವಾಗಿದ್ದಾನೆ, ಕಂದು ಪಂಪು ಮತ್ತೆ ಶುರುವಾಗಿದೆ. ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ತಪ್ಪು ಅವರದಲ್ಲ. 2017ರ ಚಳಿಗಾಲದ ಸಂಚಿಕೆಯಲ್ಲಿ ನಾವು ಉತ್ಸಾಹದಿಂದ ಬರೆದದ್ದನ್ನು ಅವರು ನಂಬಿದರು, ಅಷ್ಟೆ.

ಆಗ ಬರೆದದ್ದು ಸುಳ್ಳೇನಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಆ ವರ್ಷ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದರು. ಅವುಗಳಲ್ಲಿ ಒಟ್ಟು 955 ಜನ. ಸ್ಟೀರಾಯ್ಡ್ ಮಾತ್ರೆಯೋ ಚುಚ್ಚುಮದ್ದೋ ಬೇಕಾಗುವಷ್ಟು ಜೋರಾದ ಉಬ್ಬಸ, ನೂರು ಜನರಲ್ಲಿ ವರ್ಷಕ್ಕೆ 43 ಸಲ ಬರುತ್ತಿದ್ದದ್ದು ವಿಟಮಿನ್ ಡಿ ತೆಗೆದುಕೊಂಡವರಲ್ಲಿ 30ಕ್ಕೆ ಇಳಿದಿತ್ತು. ಆದರೆ ಆ ಮಾತ್ರೆಯನ್ನು ಕೊಟ್ಟದ್ದು ಇದ್ದ ಔಷಧದ ಜೊತೆಗೆ. ಪಂಪನ್ನು ತೆಗೆದು ಅದರ ಜಾಗದಲ್ಲಿ ಮಾತ್ರೆ ಇಟ್ಟು ನೋಡಿದ ಪರೀಕ್ಷೆ ಅದಲ್ಲ. ಈ ಒಂದು ವಾಕ್ಯವನ್ನು ನಾವು ಬರೆದಿರಲಿಲ್ಲ. ಬರೆಯಬೇಕಿತ್ತು.

ಆಮೇಲೆ ಏನಾಯಿತು? ಅಮೆರಿಕದಲ್ಲಿ ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದ್ದ, ಉಬ್ಬಸವಿದ್ದ 192 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ದಿನಕ್ಕೆ 4000 ಯೂನಿಟ್ ಕೊಟ್ಟು ನೋಡಿದರು. ಪ್ರಯೋಜನ ಕಾಣುವ ಸಂಭವವೇ ಇಲ್ಲವೆಂದು ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ವರದಿ ಬಂದದ್ದು 2020ರಲ್ಲಿ. 2023ರಲ್ಲಿ ಕಾಕ್ರೇನ್ ಸಂಸ್ಥೆಯ ಹೊಸ ವಿಮರ್ಶೆ 20 ಪ್ರಯೋಗಗಳನ್ನು, ಎರಡು ಸಾವಿರಕ್ಕೂ ಮಿಕ್ಕ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡು, ಉಬ್ಬಸದ ಜೋರು ಕಡಿಮೆಯಾಗುವುದು ಕಾಣಲಿಲ್ಲ ಎಂದಿತು. ಮೊದಲು ಗುಣವಿದೆ ಎಂದ ವಿಜ್ಞಾನಿಗಳೇ ಈ ವಿಮರ್ಶೆಯಲ್ಲೂ ಇದ್ದರು. ತಮ್ಮ ಮಾತನ್ನು ತಾವೇ ತಿದ್ದಿಕೊಂಡ ಅವರನ್ನು ನೋಡಿ ನಮಗೂ ಧೈರ್ಯ ಬಂತು.

ಹಾಗಾದರೆ ಉಬ್ಬಸದ ಮಕ್ಕಳ ರಕ್ತದಲ್ಲಿ ಡಿ ಕಡಿಮೆ ಇರುವುದೇಕೆ ಎಂದು ಕೇಳುವಿರಿ. ಓಡಿದರೆ ಏದುಸಿರು ಬರುವ ಮಗು ಮನೆಯೊಳಗೇ ಕೂರುತ್ತದೆ. ಒಳಗೆ ಕೂತ ಮಗುವಿಗೆ ಬಿಸಿಲು ಸಿಗುವುದಿಲ್ಲ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಇಲ್ಲಿ ತಲೆಕೆಳಗಾಗಬಹುದು. ಇನ್ನೊಂದು ಸಂಗತಿ. ಈ ದೇಶದಲ್ಲಿ ಮಕ್ಕಳ ಉಬ್ಬಸ ಹೆಚ್ಚುವುದು ಸೆಪ್ಟೆಂಬರಿನಲ್ಲಿ, ಶಾಲೆ ಶುರುವಾಗಿ ನೆಗಡಿ ಹರಡುವಾಗ. ಬೇಸಿಗೆಯ ಬಿಸಿಲುಂಡು ಮೈಯಲ್ಲಿ ಡಿ ತುಂಬಿರುವುದೂ ಹೆಚ್ಚುಕಡಿಮೆ ಆಗಲೇ! ಇದೊಂದರಿಂದಲೇ ತೀರ್ಮಾನ ಸಲ್ಲದು, ಆದರೂ ಯೋಚಿಸತಕ್ಕದ್ದು.

ಕಂದು ಪಂಪಿನ ಕೆಲಸ ಶ್ವಾಸನಾಳದ ಒಳಗಿನ ಊತವನ್ನು ಇಳಿಸಿಡುವುದು. ಅದು ನಿಧಾನದ ಔಷಧ. ಹಿಡಿತಕ್ಕೆ ಬರಲು ದಿನಗಳೋ ವಾರಗಳೋ ಬೇಕು. ಬಿಟ್ಟಾಗಲೂ ಅಷ್ಟೆ, ಮರುದಿನವೇ ಏನೂ ಆಗುವುದಿಲ್ಲ. ಅದೇ ಮೋಸ. “ಬಿಟ್ಟರೂ ಚೆನ್ನಾಗೇ ಇದ್ದಾನೆ” ಎಂಬ ಸಮಾಧಾನದ ಹೊತ್ತಿನಲ್ಲೇ ಒಳಗೆ ಊತ ಏರುತ್ತಿರುತ್ತದೆ. ನೀಲಿ ಪಂಪು ಬಿಗಿದ ನಾಳವನ್ನು ಆ ಕ್ಷಣಕ್ಕೆ ಸಡಿಲಿಸುತ್ತದೆ, ಊತ ಇಳಿಸುವುದಿಲ್ಲ. ನೀಲಿ ಪಂಪು ಪದೇ ಪದೇ ಬೇಕಾಗುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಇಷ್ಟೆಲ್ಲ ಹೇಳಿದೆವೆಂದು ಮಾತ್ರೆಯನ್ನು ಕಸದ ಡಬ್ಬಕ್ಕೆ ಹಾಕಬೇಡಿ. ನಮ್ಮ ಚರ್ಮದಲ್ಲಿರುವ ಕೊಲೆಸ್ಟರಾಲಿನ ಹತ್ತಿರದ ನೆಂಟನೊಂದು ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಉಂಗುರ ಬಿರಿದು ವಿಟಮಿನ್ ಡಿ ಆಗುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ದೀಪ, ದ್ರಾವಕಗಳಿಟ್ಟು ಮಾಡುವ ಕೆಲಸ ಇದು. ಊರಿನಲ್ಲಿ ಅಮ್ಮ ತಾರಸಿಯ ಮೇಲೆ ಸಂಡಿಗೆ ಹರವಿ ನಮ್ಮನ್ನು ಕಾಗೆ ಕಾಯಲು ಕೂರಿಸುತ್ತಿದ್ದಾಗ ಬಿಟ್ಟಿಯಾಗಿ ನಡೆಯುತ್ತಿತ್ತು. ಇಲ್ಲಿ ಅಕ್ಟೋಬರಿನಿಂದ ಮಾರ್ಚಿನ ಆರಂಭದವರೆಗೆ ಸೂರ್ಯ ಅಷ್ಟು ಮೇಲೇರುವುದೇ ಇಲ್ಲ. ಕಿಟಕಿಯ ಗಾಜಿನ ಹಿಂದೆ ಬಿಸಿಲು ಕಾಯಿಸಿದರೂ ಪ್ರಯೋಜನವಿಲ್ಲ. ಆ ಕಿರಣವನ್ನು ಗಾಜು ತಡೆಯುತ್ತದೆ. ನಮ್ಮಂಥ ಕಂದು ಮೈಯವರಿಗೆ ಬಿಸಿಲು ಇನ್ನೂ ಹೆಚ್ಚು ಹೊತ್ತು ಬೇಕು. ಇಲ್ಲಿನ ನಮ್ಮ ಕಡೆಯ ಮಕ್ಕಳಲ್ಲಿ ರಿಕೆಟ್ಸ್ ಕಂಡು, ಕಾಲು ಸೊಟ್ಟಗಾಗಿ, 1981ರಲ್ಲಿ ಸರ್ಕಾರದ ಬೆಂಬಲದಿಂದ ಅದರ ವಿರುದ್ಧ ಪ್ರಚಾರವನ್ನೇ ನಡೆಸಬೇಕಾಯಿತು. ಆದ್ದರಿಂದ ದಿನಕ್ಕೆ 10 ಮೈಕ್ರೋಗ್ರಾಂ, ಎಂದರೆ 400 ಯೂನಿಟ್, ನಮ್ಮವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದೆಂದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಅದು ಮೂಳೆಗಾಗಿ. ಹೆಚ್ಚು ಕೊಟ್ಟರೆ ಹೆಚ್ಚು ಗುಣವೆಂದೂ ಇಲ್ಲ. ಒಂದರಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 50 ಮೈಕ್ರೋಗ್ರಾಂ ಮೀರಬಾರದು.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಡಿ ತೀರಾ ತಳಮಟ್ಟಕ್ಕಿಳಿದವರೂ ತೀವ್ರ ಉಬ್ಬಸದವರೂ ಆ 20 ಪ್ರಯೋಗಗಳಲ್ಲಿ ಬಹಳ ಕಡಿಮೆ ಇದ್ದರು. ಅಂಥವರಿಗೆ ಉಪಯೋಗವಾದೀತೇ ಎಂಬುದು ಇತ್ಯರ್ಥವಾಗಿಲ್ಲ. ಅಂಥವರು ಸಿಗುವುದು ನಮ್ಮ ಮನೆಗಳಲ್ಲೇ. ಮಗುವಿನ ರಕ್ತಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ, ನಮ್ಮನ್ನಲ್ಲ.

2017ರ ಆ ಪುಟವನ್ನು ಇಟ್ಟುಕೊಂಡಿರುವವರು ದಯವಿಟ್ಟು ಈ ಪುಟವನ್ನೂ ಅದರ ಮೇಲೆಯೇ ಅಂಟಿಸಿಕೊಳ್ಳಬೇಕಾಗಿ ಕೋರುತ್ತೇವೆ.